ತೊಟ್ಟಿಯ ಮೇಲೆ ಯಾವ ಬಿಳಿ?

ಜುಲೈ ತಿಂಗಳ ಮಡಿಕೇರಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕದೆ ಪತ್ರಿಕೆ ಓದಲಾಗುವುದಿಲ್ಲ. ಕಿಟಕಿಯಾಚೆ ಮಂಜು, ಮಂಜಿನೊಳಗೆ ಮಳೆ. ಎದುರಿಗಿರಬೇಕಾದ ಬೆಟ್ಟದ ಸುಳಿವೇ ಇರುವುದಿಲ್ಲ. ಒಗೆದ ಬಟ್ಟೆ ಒಣಗದೆ, ಗೋಡೆಗೆ ಬೂಷ್ಟು ಹತ್ತಿ, ಮನೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದ ಆ ದಿನಗಳಲ್ಲಿ ನಮ್ಮ ಹಜಾರದಲ್ಲಿ ಬಣ್ಣ ಉಳಿದಿರುವ ಜಾಗ ಒಂದೇ, ಗೋಡೆ ಬದಿಯ ಮೀನಿನ ತೊಟ್ಟಿ. ಹಸಿರೆಲೆಗಳ ನಡುವೆ ಮೀನುಗಳು ಓಡಾಡುವುದನ್ನು ನೋಡುತ್ತ ಕೂತರೆ ಮಳೆಗಾಲ ಅಷ್ಟೇನೂ ಉದ್ದ ಅನ್ನಿಸುವುದಿಲ್ಲ. ಅದಕ್ಕೇ ಇರಬೇಕು, ಅಕ್ವೇರಿಯಂ ಬಗ್ಗೆ ಓದುಗರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಜೂನ್ ಮತ್ತು ಸೆಪ್ಟೆಂಬರ್ ನಡುವೆಯೇ ಬರುತ್ತವೆ. ಗೋಣಿಕೊಪ್ಪದಿಂದ ಬರಲಿ, ಸೋಮವಾರಪೇಟೆಯಿಂದ ಬರಲಿ, ಒಂದು ಪ್ರಶ್ನೆ ಮಾತ್ರ ಬಿಡದೆ ಬರುತ್ತದೆ: “ಬಿಳಿ ಎಲ್‌ಇಡಿ ಎಷ್ಟು ಕೆಲ್ವಿನ್‌ದು ಹಾಕಬೇಕು? ಅಂಗಡಿಯವರು 10,000 ಅಂತಾರೆ, ಗೆಳೆಯರು 6,500 ಅಂತಾರೆ, ಮನೆಯಲ್ಲಿರೋದು 3,000ದ್ದು. ಯಾವುದು ಸರಿ?”

ಮೊದಲೇ ಹೇಳಿಬಿಡುತ್ತೇನೆ. ಬಲ್ಬಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಆ ಸಂಖ್ಯೆಗೆ ನಾವು ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದೇವೆ. ಅದು ಗಿಡ ಬದುಕುವುದನ್ನು ನಿರ್ಧರಿಸುವುದಿಲ್ಲ, ಮೀನಿನ ಆರೋಗ್ಯವನ್ನು ನಿರ್ಧರಿಸುವುದಿಲ್ಲ, ಪಾಚಿ ಬರುವುದನ್ನೂ ತಡೆಯುವುದಿಲ್ಲ. ಕೂತು ನೋಡುವ ನಮ್ಮ ಕಣ್ಣಿಗೆ ತೊಟ್ಟಿ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಸಣ್ಣ ಸಂಗತಿಯಲ್ಲ, ನಾವು ತೊಟ್ಟಿ ಇಡುವುದೇ ನೋಡುವುದಕ್ಕಲ್ಲವೇ? ಆದರೆ ಯಾವುದನ್ನು ಯಾವುದಕ್ಕಾಗಿ ಆರಿಸುತ್ತಿದ್ದೇವೆ ಎಂದು ತಿಳಿದು ಆರಿಸಿದರೆ ದುಡ್ಡೂ ಉಳಿಯುತ್ತದೆ, ಗಿಡವೂ ಉಳಿಯುತ್ತದೆ.

ಕಮ್ಮಾರನ ಕುಲುಮೆಯ ಮುಂದೆ ನಿಂತು ಕತ್ತಿ ತಟ್ಟಿಸಿಕೊಂಡವರಿಗೆ ಕೆಲ್ವಿನ್ ಏನೆಂದು ವಿವರಿಸುವುದು ಸುಲಭ. ಕಾದ ಕಬ್ಬಿಣ ಮೊದಲು ಮಂಕು ಕೆಂಪಾಗುತ್ತದೆ. ತಿದಿ ಒತ್ತಿದಂತೆ ಕಿತ್ತಳೆ, ಆಮೇಲೆ ಹಳದಿ. ಕರಗದೆ ಇನ್ನೂ ಕಾಯುತ್ತಲೇ ಹೋಗಬಲ್ಲ ಒಂದು ಕಪ್ಪು ವಸ್ತುವನ್ನು ಊಹಿಸಿಕೊಂಡರೆ ಅದು ಬೆಳ್ಳಗಾಗಿ, ಕೊನೆಗೆ ನೀಲಿ ಬೆರೆತ ಬಿಳಿಯಾಗುತ್ತದೆ. ಯಾವ ಬಿಸಿಗೆ ಯಾವ ಬಣ್ಣ ಎಂಬ ಲೆಕ್ಕವೇ ಬಣ್ಣದ ಉಷ್ಣತೆ. ಅದರ ಅಳತೆಗೋಲು ಕೆಲ್ವಿನ್. ಭೌತವಿಜ್ಞಾನಿ ವಿಲಿಯಂ ಥಾಮ್ಸನ್‌ಗೆ ಬಂದ ಲಾರ್ಡ್ ಕೆಲ್ವಿನ್ ಎಂಬ ಬಿರುದಿನಿಂದ ಆ ಹೆಸರು. ಅದರ ಸೊನ್ನೆ ನಮ್ಮ ಸೆಲ್ಸಿಯಸ್‌ನ ಮೈನಸ್ 273.15 ಡಿಗ್ರಿ. ಮೇಣದಬತ್ತಿಯ ಬೆಳಕು ಸುಮಾರು 1,900 ಕೆಲ್ವಿನ್, ಹಳೇ ತಂತಿ ಬಲ್ಬಿನದು 2,700, ನಡುಹಗಲ ಬಿಸಿಲು 5,500ರ ಆಸುಪಾಸು. ಪೂರ್ತಿ ಮೋಡ ಮುಚ್ಚಿದ ಆಕಾಶ 6,500ರಿಂದ 7,500. ಬಿಸಿಲು ತಾಗದ ನೆರಳಿನಲ್ಲಿ ನಿಂತು ಶುಭ್ರ ನೀಲಿ ಆಕಾಶದಿಂದ ಬರುವ ಬೆಳಕನ್ನಷ್ಟೇ ಅಳೆದರೆ 10,000ವನ್ನೂ ದಾಟುತ್ತದೆ. ಕುಲುಮೆಯ ಲೆಕ್ಕದಲ್ಲಿ ನೀಲಿಯೇ ಹೆಚ್ಚು ಬಿಸಿ. ಆದರೂ ಪೆಟ್ಟಿಗೆಯ ಮೇಲೆ ಕಡಿಮೆ ಕೆಲ್ವಿನ್ನಿನ ಹಳದಿಗೆ ‘ವಾರ್ಮ್ ವೈಟ್’ ಎಂದೂ ಹೆಚ್ಚು ಕೆಲ್ವಿನ್ನಿನ ಬಿಳಿಗೆ ‘ಕೂಲ್ ಡೇಲೈಟ್’ ಎಂದೂ ಬರೆಯುತ್ತಾರೆ. ಬೆಂಕಿಯ ಬಣ್ಣ ಬೆಚ್ಚಗೆ, ಮಂಜಿನ ಬಣ್ಣ ತಣ್ಣಗೆ ಎಂಬ ನಮ್ಮ ಮನಸ್ಸಿನ ಲೆಕ್ಕ ಅದು. ಎಷ್ಟೋ ಜನ ಇಲ್ಲಿ ಗೊಂದಲಪಟ್ಟು ಬೇಡದ ಬಲ್ಬ್ ತಂದಿದ್ದಾರೆ.

ಎಲ್‌ಇಡಿಯೊಳಗೆ ಕಾದ ಕಬ್ಬಿಣವೂ ಇಲ್ಲ, ಕಾದ ತಂತಿಯೂ ಇಲ್ಲ. ನಾವು ಕೊಳ್ಳುವ ಬಿಳಿ ಎಲ್‌ಇಡಿಯ ಒಳಗಿರುವುದು ಸುಮಾರು 450 ನ್ಯಾನೋಮೀಟರ್ ತರಂಗದ ನೀಲಿ ಬೆಳಕು ಬೀರುವ ಪುಟ್ಟ ಚಿಪ್. ಅದರ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿಯ ಒಂದು ಪಾಲನ್ನು ಆ ಲೇಪ ಹೀರಿಕೊಂಡು ಹಸಿರು, ಹಳದಿ, ಕೆಂಪಾಗಿ ಹೊರಹಾಕುತ್ತದೆ. ಉಳಿದ ನೀಲಿ ಹಾಗೇ ಹೊರಗೆ ಬರುತ್ತದೆ. ಎರಡೂ ಬೆರೆತದ್ದು ನಮ್ಮ ಕಣ್ಣಿಗೆ ಬಿಳಿ. ಲೇಪ ತೆಳುವಾದರೆ ನೀಲಿ ಹೆಚ್ಚು, ಅದು 6,500 ಅಥವಾ 10,000. ಲೇಪ ದಪ್ಪವಾಗಿ ಕೆಂಪು ಫಾಸ್ಫರ್ ಕೂಡ ಸೇರಿದರೆ 3,000. ಬೇರೆ ಬೇರೆ ಕೆಲ್ವಿನ್ನಿನ ಬಲ್ಬುಗಳ ಒಡಲಲ್ಲಿರುವ ಚಿಪ್ ಒಂದೇ ಬಗೆಯದು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ನೀಲಿ ಚಿಪ್ ಸುಲಭಕ್ಕೆ ದಕ್ಕಿದ್ದಲ್ಲ. ಕೆಂಪು ಎಲ್‌ಇಡಿ ಬಂದು ಮೂವತ್ತು ವರ್ಷವಾದರೂ ಪ್ರಖರ ನೀಲಿ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ, ಶುಜಿ ನಕಾಮುರಾ ಈ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಅಕ್ವೇರಿಯಂ ಪ್ರಿಯರಿಗೆ ಇನ್ನೊಬ್ಬ ಅಮಾನೋ ಹೆಚ್ಚು ಪರಿಚಿತ: ಟಕಾಶಿ ಅಮಾನೋ. ಗಾಜಿನ ತೊಟ್ಟಿಯೊಳಗೆ ಕಾಡು, ಹುಲ್ಲುಗಾವಲು, ಕಣಿವೆ ಕಟ್ಟುವ ಕಲೆಯನ್ನು ಜಗತ್ತಿಗೆ ಕಲಿಸಿದ ಛಾಯಾಗ್ರಾಹಕ ಅವರು. 2015ರಲ್ಲಿ ತೀರಿಕೊಂಡರು. ಪಾಚಿ ತಿನ್ನುವ ಅಮಾನೋ ಸೀಗಡಿಗೆ ಅವರದೇ ಹೆಸರು. ಒಬ್ಬ ಅಮಾನೋ ತೊಟ್ಟಿಯೊಳಗಿನ ತೋಟ ಕೊಟ್ಟರು, ಇನ್ನೊಬ್ಬ ಅಮಾನೋ ಅದರ ಮೇಲಿನ ದೀಪಕ್ಕೆ ದಾರಿ ಮಾಡಿದರು. ಇಬ್ಬರೂ ಒಂದೇ ದೇಶದವರು ಎಂಬುದು ನನಗೆ ಈಗಲೂ ಸೋಜಿಗ.

ಈಗ ಗಿಡದ ಮಾತಿಗೆ ಬರೋಣ. ಕಾಫಿ ಬೆಳೆಗಾರರ ನಾಡಿನಲ್ಲಿ ಬೆಳಕಿನ ಪಾಠವನ್ನು ಬೇರೆ ಊರಿನಿಂದ ತರಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ತೋಟಗಳಲ್ಲಿ ಮರ ಕಪಾತು ಏಕೆ ಮಾಡುತ್ತೇವೆ? ತಿಂಗಳುಗಟ್ಟಲೆ ಮೋಡ ಕವಿಯುತ್ತದೆ, ನೆರಳು ದಟ್ಟವಾಗಿದ್ದರೆ ಕಾಫಿ ಗಿಡಕ್ಕೆ ಸಿಗುವ ಬೆಳಕು ಸಾಲದೆ ಹೋಗುತ್ತದೆ, ಕೊಳೆರೋಗ ಬರುತ್ತದೆ ಎಂದು. ಹಾಲುವಾಣದ ರೆಂಬೆ ಎಷ್ಟು ಸವರಬೇಕು, ಸಿಲ್ವರ್ ಓಕ್ ಎಷ್ಟು ಬಿಡಬೇಕು, ಅರೇಬಿಕಾಕ್ಕೆ ಎಷ್ಟು ನೆರಳು, ರೋಬಸ್ಟಾಕ್ಕೆ ಎಷ್ಟು ಕಡಿಮೆ ಎಂಬ ಲೆಕ್ಕ ನಮ್ಮ ಹಿರಿಯರ ಕಣ್ಣಲ್ಲೇ ಇತ್ತು. ಅವರು ಬೆಳಕಿನ ಬಣ್ಣ ಕೇಳಿದವರಲ್ಲ. ಗಿಡದ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ ಎಂದು ನೋಡುತ್ತಿದ್ದರು. ನೀರೊಳಗಿನ ಗಿಡದ ವಿಷಯದಲ್ಲೂ ಕೇಳಬೇಕಾದ್ದು ಅದನ್ನೇ.

ಶಾಲೆಯ ಪುಸ್ತಕದಲ್ಲಿ ಓದಿದ್ದು ನೆನಪಿರಬಹುದು: ಎಲೆಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಬಿಟ್ಟುಬಿಡುತ್ತದೆ. ಇದನ್ನೇ ಹಿಡಿದುಕೊಂಡು, ಗಿಡಕ್ಕೆ ನೇರಳೆ ಬಣ್ಣದ ವಿಶೇಷ ದೀಪವೇ ಬೇಕು, ಮಾಮೂಲಿ ಬಿಳಿ ದೀಪ ದಂಡ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ದ್ಯುತಿಸಂಶ್ಲೇಷಣೆಯನ್ನು ಅಳೆದರು. ಹಸಿರು ಬೆಳಕನ್ನೂ ಎಲೆ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ, ಕೆಂಪಿಗಿಂತ ಸ್ವಲ್ಪ ಕಡಿಮೆ ಅಷ್ಟೆ ಎಂದು ತೋರಿತು. 400ರಿಂದ 700 ನ್ಯಾನೋಮೀಟರ್‌ವರೆಗಿನ ಎಲ್ಲ ಬೆಳಕೂ ಗಿಡದ ಊಟವೇ. ಮೇಲೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಪ್ರತಿ ಬಿಳಿ ಎಲ್‌ಇಡಿಯಲ್ಲೂ ಆ 450ರ ನೀಲಿ ಇದ್ದೇ ಇರುತ್ತದೆ, ಹಳದಿ ಕೆಂಪೂ ಇರುತ್ತವೆ. ಪಾಲು ಹೆಚ್ಚು ಕಡಿಮೆಯಾಗುತ್ತದೆ, ಊಟ ತಪ್ಪುವುದಿಲ್ಲ.

ನನ್ನ ಮನೆಯ ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಸುಮಾರು 60 ಲೀಟರ್ ನೀರು, ಹಿಂಬದಿಗೆ ಹೊಳೆಯಲ್ಲಿ ಬೆಳೆಯುವ ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾ, ಮುಂದೆ ರೋಟಾಲಾ. ಮೊದಲ ವರ್ಷ ಹಾಕಿದ್ದು 10,000 ಕೆಲ್ವಿನ್ನಿನ ಪಟ್ಟಿ ದೀಪ. ಅಂಗಡಿಯಲ್ಲಿ ನೀರು ಸ್ಫಟಿಕದಂತೆ ಕಂಡಿತ್ತು, ಅದನ್ನೇ ತಂದೆ. ಗಿಡ ಬೆಳೆಯಿತು. ಆದರೆ ರೋಟಾಲಾದ ಕೆಂಪು ಚಿಗುರು ಕಂದಿದ ಕಂದು ಬಣ್ಣಕ್ಕೆ ಕಾಣುತ್ತಿತ್ತು, ಹಸಿರೆಲೆಗಳ ಮೇಲೆ ಬೂದಿ ಸುರಿದಂತಿತ್ತು. ಮರುವರ್ಷ ಅದನ್ನು ತೆಗೆದು 3,000 ಕೆಲ್ವಿನ್ನಿನ ಎರಡು ಬಲ್ಬ್ ತೂಗುಹಾಕಿದೆ. ಗಿಡ ಆಗಲೂ ಬೆಳೆಯಿತು, ಅಷ್ಟೇ ವೇಗದಲ್ಲಿ. ವಾರಕ್ಕೊಮ್ಮೆ ಕತ್ತರಿ ಆಡಿಸುವ ಕೆಲಸ ತಪ್ಪಲಿಲ್ಲ. ರೋಟಾಲಾ ಕೆಂಪಗೆ ಕಂಡಿತು, ಮೀನಿಗೂ ಜೀವಕಳೆ ಬಂತು. ನೀರು ಮಾತ್ರ ತೆಳು ಚಹಾದಂತೆ ಕಾಣುತ್ತಿತ್ತು. ಮನೆಗೆ ಬಂದವರೆಲ್ಲ ಒಂದೇ ಮಾತು, “ನೀರು ಬದಲಾಯಿಸಿ ಎಷ್ಟು ದಿನ ಆಯ್ತು?” ಹಿಂದಿನ ದಿನವಷ್ಟೇ ಮೂರನೇ ಒಂದು ಪಾಲು ನೀರು ಬದಲಾಯಿಸಿದ್ದೆ. ಆ ಎರಡು ವರ್ಷಗಳಲ್ಲಿ ನನಗೆ ಖಚಿತವಾದದ್ದು ಇಷ್ಟು: ಕೆಲ್ವಿನ್ ಬದಲಾದಾಗ ಬದಲಾದದ್ದು ನೋಟ, ಬೆಳವಣಿಗೆಯಲ್ಲ. ಕೆಂಪು ಗಿಡ ನಿಜಕ್ಕೂ ಕೆಂಪಾಗುವುದು ಬೆಳಕು ಪ್ರಖರವಾಗಿದ್ದಾಗ, ನೀರಿನಲ್ಲಿ ನೈಟ್ರೇಟ್ ಹಿಡಿತದಲ್ಲಿದ್ದಾಗ. ಹಳದಿ ದೀಪ ಇದ್ದ ಕೆಂಪನ್ನು ತೋರಿಸಬಲ್ಲದು, ಇಲ್ಲದ ಕೆಂಪನ್ನು ಬೆಳೆಸಲಾರದು.

ಹಾಗಾದರೆ 10,000 ಎಲ್ಲಿಂದ ಬಂತು? ಸಮುದ್ರದಿಂದ. ನೀರು ಕೆಂಪು ಬೆಳಕನ್ನು ಬೇಗ ನುಂಗುತ್ತದೆ. 650 ನ್ಯಾನೋಮೀಟರ್‌ನ ಕೆಂಪಿನಲ್ಲಿ ಹತ್ತು ಮೀಟರ್ ಆಳಕ್ಕೆ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ ಪಾಲು. ಹವಳದ ದಿಬ್ಬಗಳ ಮೇಲೆ ಬೀಳುವ ಬೆಳಕು ಹಾಗಾಗಿ ನೀಲಿ. ಹವಳದ ಮೈಯೊಳಗೆ ವಾಸಿಸುವ ಪಾಚಿ ಆ ನೀಲಿಗೆ ಒಗ್ಗಿಕೊಂಡಿದೆ. ಉಪ್ಪುನೀರಿನ ಹವಳದ ತೊಟ್ಟಿಗೆ 10,000, 14,000, 20,000 ಕೆಲ್ವಿನ್ ಹಾಕುವುದಕ್ಕೆ ಈ ಕಾರಣವಿದೆ. ಆದರೆ ನಮ್ಮ ಮನೆಯ ಸಿಹಿನೀರಿನ ತೊಟ್ಟಿ ಒಂದೂವರೆ ಅಡಿ ಆಳವೂ ಇರುವುದಿಲ್ಲ. ನಲವತ್ತು ಸೆಂಟಿಮೀಟರಿನಲ್ಲಿ ಅದೇ ಕೆಂಪು ಕಳೆದುಕೊಳ್ಳುವುದು ಹೆಚ್ಚೆಂದರೆ ಎಂಟನೇ ಒಂದು ಪಾಲು. ಸಮುದ್ರಕ್ಕೆ ಮಾಡಿದ ದೀಪವನ್ನು ಕಾವೇರಿಯ ಹೊಳೆಮೀನಿಗೆ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನು ಮೀನು. ಮೀನಿಗೆ ಯಾವ ಕೆಲ್ವಿನ್ ಇಷ್ಟ ಎಂದು ಕೇಳುವವರಿಗೆ ಒಂದು ಸಂಗತಿ ಹೇಳಬೇಕು. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಗೋಲ್ಡ್‌ಫಿಶ್ ಕಣ್ಣಿನಲ್ಲಿ ನಾಲ್ಕು, ಅದು ನಮಗೆ ಕಾಣದ ಅತಿನೇರಳೆಯನ್ನೂ ಕಾಣಬಲ್ಲದು. ನಮಗೆ ‘ಬಿಳಿ’ ಎನ್ನಿಸಿದ ದೀಪ ಮೀನಿಗೆ ಬಿಳಿಯಾಗಿ ಕಾಣಬೇಕಿಲ್ಲ. ಮೀನಿಗೆ ನಿಜವಾಗಿ ಬೇಕಿರುವುದು ಅಡಗಿಕೊಳ್ಳಲು ನೆರಳಿನ ಮೂಲೆ, ರಾತ್ರಿಗೆ ಪೂರ್ತಿ ಕತ್ತಲೆ, ಮತ್ತು ಥಟ್ಟನೆ ಬೆಳಕು ರಾಚದಿರುವುದು. ಅವುಗಳಿಗೆ ನಮ್ಮಂತೆ ಕಣ್ಣುರೆಪ್ಪೆ ಇಲ್ಲ. ಕತ್ತಲ ಕೋಣೆಯಲ್ಲಿ ತೊಟ್ಟಿಯ ದೀಪವನ್ನು ಒಮ್ಮೆಗೇ ಹಾಕಿದರೆ ಹೆದರಿ ಗಾಜಿಗೆ ಡಿಕ್ಕಿ ಹೊಡೆಯುತ್ತವೆ. ಮೊದಲು ಹಜಾರದ ದೀಪ ಹಾಕಿ, ಹತ್ತು ನಿಮಿಷ ಬಿಟ್ಟು ತೊಟ್ಟಿಯದು ಹಾಕಿ. ‘ಮೂನ್‌ಲೈಟ್’ ಎಂದು ಮಾರುವ ನೀಲಿ ದೀಪವನ್ನು ರಾತ್ರಿಯಿಡೀ ಉರಿಸುವುದು ದಯವಿಟ್ಟು ಬೇಡ.

ಕೊಡಗಿನ ಪಶ್ಚಿಮ ಇಳಿಜಾರಿನಲ್ಲಿ ಹುಟ್ಟಿ ಕಣ್ಣೂರು, ಕಾಸರಗೋಡಿನ ಕಡೆಗೆ ಹರಿಯುವ ವಳಪಟ್ಟಣಂ, ಚಂದ್ರಗಿರಿ ಹೊಳೆಗಳಲ್ಲಿ ಒಂದು ಮೀನಿದೆ. ಅಕ್ವೇರಿಯಂ ಪೇಟೆಯಲ್ಲಿ ಅದರ ಹೆಸರು ‘ಮಿಸ್ ಕೇರಳ’. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟಿ, ಅದರ ಮೇಲೆ ಅರ್ಧ ಮೈಯವರೆಗೆ ಉರಿಯುವ ಕೆಂಪು ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಮೊದಲು ವರ್ಣಿಸಿ ಆಗಿನ ಮದರಾಸು ಗವರ್ನರ್ ವಿಲಿಯಂ ಡೆನಿಸನ್‌ರ ಹೆಸರಿಟ್ಟರು. 2013ರಲ್ಲಿ ವಿಜ್ಞಾನಿಗಳು ಇದನ್ನು ‘ಸಹ್ಯಾದ್ರಿಯಾ’ ಎಂಬ ಹೊಸ ಕುಲಕ್ಕೆ ಸೇರಿಸಿದರು, ಈಗ ಅದು ಸಹ್ಯಾದ್ರಿಯಾ ಡೆನಿಸೋನಿ. ನನ್ನ ಮಟ್ಟಿಗೆ ತೊಟ್ಟಿಯ ದೀಪವನ್ನು ಪರೀಕ್ಷಿಸಲು ಈ ಮೀನಿಗಿಂತ ಒಳ್ಳೆಯ ಒರೆಗಲ್ಲು ಇಲ್ಲ. ಇದು ಆರಿಂಚಿನವರೆಗೆ ಬೆಳೆದು ಗುಂಪಾಗಿ ಓಡಾಡುವ ಮೀನು, ನನ್ನ ಎರಡಡಿ ತೊಟ್ಟಿಗೆ ಸಲ್ಲದು. ನಾನು ನೋಡಿದ್ದು ಗೆಳೆಯರೊಬ್ಬರ ನಾಲ್ಕಡಿ ತೊಟ್ಟಿಯಲ್ಲಿ, ಎರಡು ಬೇರೆ ಬೇರೆ 6,500 ಕೆಲ್ವಿನ್ ದೀಪಗಳ ಕೆಳಗೆ. ಒಂದರಲ್ಲಿ ಆ ಗೆರೆ ಇಟ್ಟಿಗೆಯ ಪುಡಿಯಂತಿತ್ತು. ಇನ್ನೊಂದರಲ್ಲಿ ಗಿಡದಲ್ಲೇ ಹಣ್ಣಾದ ಕಾಫಿಯಂತೆ ಹೊಳೆಯಿತು. ಕೆಲ್ವಿನ್ ಎರಡರದೂ ಒಂದೇ!

ವ್ಯತ್ಯಾಸ ಇದ್ದದ್ದು ಇನ್ನೊಂದು ಸಂಖ್ಯೆಯಲ್ಲಿ. ಅದರ ಹೆಸರು ಸಿಆರ್‌ಐ, ಅಂದರೆ ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬ ಅಂಕ. ನೂರಕ್ಕೆ ನೂರು ಎಂದರೆ ಹಗಲಿನ ಬೆಳಕಿಗೋ ತಂತಿ ಬಲ್ಬಿಗೋ ಸಮ. ದೀಪ ಬದಲಾದರೆ ವಸ್ತುವಿನ ಬಣ್ಣವೂ ಬದಲಾಗಿ ಕಾಣುವುದು ಕೊಡಗಿನ ಪ್ರತಿ ಮನೆಯಲ್ಲೂ ವರ್ಷಕ್ಕೊಮ್ಮೆ ಪರೀಕ್ಷೆಯಾಗುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೆ. ಕಕ್ಕಡ ಹದಿನೆಂಟು, ಆಗಸ್ಟ್ 3, ಮದ್ದು ಸೊಪ್ಪಿನ ಪಾಯಸದ ದಿನ. ಅಡುಗೆಮನೆಯ ಹಳೇ ಹಳದಿ ಬಲ್ಬಿನ ಕೆಳಗೆ ಆ ಪಾಯಸ ಕಪ್ಪುಗೆಂಪಾಗಿ ಕಾಣುತ್ತಿತ್ತು. ಬಟ್ಟಲು ಹಿಡಿದು ಜಗಲಿಗೆ ಬಂದರೆ, ಮಳೆಯ ಬೆಳಕಿನಲ್ಲಿ ಅದೇ ಪಾಯಸ ಗಾಢ ನೇರಳೆ. ಹಳದಿ ಬಲ್ಬಿನಲ್ಲಿ ನೀಲಿ ತೀರ ಕಡಿಮೆ, ನೇರಳೆಯೊಳಗಿನ ನೀಲಿಯನ್ನು ತೋರಿಸಲು ಅದರಿಂದ ಆಗುತ್ತಿರಲಿಲ್ಲ. ದೀಪದಲ್ಲಿ ಯಾವ ಬಣ್ಣವಿಲ್ಲವೋ ಆ ಬಣ್ಣ ವಸ್ತುವಿನಲ್ಲಿದ್ದರೂ ನಮಗೆ ಕಾಣದು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಕೊರತೆಯಾಗುವುದು ನೀಲಿಯಲ್ಲ, ಕೆಂಪು. ಅದಕ್ಕೇ ಡೆನಿಸೋನಿಯ ಗೆರೆ ಇಟ್ಟಿಗೆಯಾದದ್ದು. ಇಲ್ಲೊಂದು ಒಳಸುಳಿಯೂ ಇದೆ. ಸಿಆರ್‌ಐ ಲೆಕ್ಕ ಹಾಕುವುದು ಎಂಟು ಮೆತ್ತನೆಯ ಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದನ್ನು ಬೇರೆಯಾಗಿ ಆರ್9 ಎಂದು ಅಳೆಯುತ್ತಾರೆ. ಸಿಆರ್‌ಐ 80 ಎಂದು ಹೆಮ್ಮೆಯಿಂದ ಬರೆದುಕೊಂಡ ಬಲ್ಬಿನ ಆರ್9 ಸೊನ್ನೆಯ ಹತ್ತಿರ ಇರಬಹುದು. 90 ದಾಟಿದ ಬಲ್ಬಿನಲ್ಲಿ ಕೆಂಪು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ನೋಟವನ್ನು ಬದಲಿಸುವ ಇನ್ನೊಂದು ಸಂಗತಿಯನ್ನು ಕೊಡಗಿನವರು ಬೇರೆಯವರಿಗಿಂತ ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಣ್ಣು ಒಂದು ಬೆಳಕನ್ನು ಒಂಟಿಯಾಗಿ ನೋಡುವುದಿಲ್ಲ, ಸುತ್ತಲಿನ ಬೆಳಕಿಗೆ ಹೋಲಿಸಿ ನೋಡುತ್ತದೆ. ಮಳೆಗಾಲದ ಹಗಲು ಕಿಟಕಿಯಿಂದ ಒಳಬರುವುದು 7,000ದ ಆಸುಪಾಸಿನ ನೀಲಿಬಿಳಿ. ಆ ಬೆಳಕಿನ ಪಕ್ಕದಲ್ಲಿ 4,000 ಕೆಲ್ವಿನ್ನಿನ ತೊಟ್ಟಿ ಹಳದಿಯಾಗಿ, ಕೊಳಕಾಗಿ ಕಾಣುತ್ತದೆ. ಸಂಜೆ ಹಜಾರದಲ್ಲಿ ಹಳದಿ ದೀಪ ಹಾಕಿಕೊಂಡು ಕೂತರೆ ಅದೇ ತೊಟ್ಟಿ ಬೆಳ್ಳಗೆ ಹದವಾಗಿ ಕಾಣುತ್ತದೆ, ಅದರ ಬದಲು 6,500 ಹಾಕಿದ್ದರೆ ತಣ್ಣಗೆ ನೀಲಿಯಾಗಿ ಕೋಣೆಯಿಂದ ಬೇರೆಯಾಗಿ ನಿಲ್ಲುತ್ತದೆ. ಹಾಗಾಗಿ ಮೊದಲು ಯೋಚಿಸಬೇಕಾದ್ದು ನೀವು ತೊಟ್ಟಿಯ ಮುಂದೆ ಕೂರುವುದು ಯಾವಾಗ, ಆ ಕೋಣೆಯಲ್ಲಿ ಆಗ ಯಾವ ದೀಪ ಉರಿಯುತ್ತಿರುತ್ತದೆ ಎಂದು. 2015ರ ಕೊನೆಗೆ ಶುರುವಾದ ‘ಹೊಸ ಬೆಳಕು’ ಯೋಜನೆಯ 9 ವ್ಯಾಟ್ ಬಲ್ಬುಗಳ ಕಾಲದಿಂದ ನಮ್ಮ ಹೆಚ್ಚಿನ ಮನೆಗಳಲ್ಲಿ ಉರಿಯುತ್ತಿರುವುದು ಬಿಳಿ ಬಲ್ಬೇ. ಅಂಥ ಮನೆಯ ತೊಟ್ಟಿಗೆ 5,000ದಿಂದ 6,500ರ ಒಳಗಿನದು ಹೊಂದುತ್ತದೆ. ಹಳದಿ ದೀಪದ ಮನೆಯಾದರೆ 4,000ಕ್ಕೆ ಇಳಿಯಬಹುದು.

ನೀರಿನ ಬಣ್ಣವನ್ನೂ ಮರೆಯಬಾರದು. ತೊಟ್ಟಿಯಲ್ಲಿ ಮರದ ಬೇರು, ಒಣಗಿದ ಬಾದಾಮಿ ಎಲೆ ಹಾಕುವವರು ಈಗ ಹೆಚ್ಚಿದ್ದಾರೆ. ಅವುಗಳಿಂದ ಇಳಿಯುವ ಟ್ಯಾನಿನ್ ನೀರಿಗೆ ತೆಳುಗಂದು ಬಣ್ಣ ಕೊಡುತ್ತದೆ, ಮೊದಲು ನುಂಗುವುದೂ ನೀಲಿಯನ್ನೇ. ಅಂಥ ತೊಟ್ಟಿಯ ಮೇಲೆ 6,500 ಹಾಕಿದರೂ ತಳ ಮುಟ್ಟುವಷ್ಟರಲ್ಲಿ ಅದು ಬೆಚ್ಚಗಿನ ಬೆಳಕಾಗಿರುತ್ತದೆ. 3,000 ಹಾಕಿದರೆ ಕೆಂಪಗಾಗಿ ಮಂಕಾಗುತ್ತದೆ. ನಮ್ಮ ಕಾಡಿನ ತೊರೆಗಳಲ್ಲಿ ಬೇಸಿಗೆಯಲ್ಲಿ ನಿಂತ ನೀರಿನ ಬಣ್ಣವೂ ಹೀಗೇ, ಮೀನುಗಳಿಗೆ ಅದು ಹೊಸದಲ್ಲ.

ಅಕ್ವೇರಿಯಂ ದೀಪವೆಂದೇ ಮಾರುವುದನ್ನು ಕೊಳ್ಳಲಾಗದವರಿಗೆ ನಾನು ಈಗ ಬಳಸುತ್ತಿರುವ ಉಪಾಯ ಹೇಳುತ್ತೇನೆ. ಮೂರು ಹೋಲ್ಡರ್, ಅದರಲ್ಲಿ ಎರಡಕ್ಕೆ 6,500, ನಡುವಿನದಕ್ಕೆ 3,000. ಮೂರೂ ಒಂದೇ ವ್ಯಾಟಿನವು. ಎರಡು ಬಿಳಿ ಬೆರೆತಾಗ ಕೆಲ್ವಿನ್ನಿನ ಸರಾಸರಿ ಸಿಗುವುದಿಲ್ಲ, ಹಳದಿಯ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತದೆ. ಹೀಗೆ ಬೆರೆಸಿದರೆ ಬರುವುದು ಸುಮಾರು 4,800. ಒಂದಕ್ಕೊಂದು ಬೆರೆಸಿದರೆ 4,200ರ ಹತ್ತಿರ. ಮೂರನ್ನೂ ಬೇರೆ ಬೇರೆ ಸ್ವಿಚ್ಚಿಗೆ ಕೊಟ್ಟರೆ ಮಳೆಗಾಲದ ಹಗಲಿಗೆ ಬಿಳಿಯವೆರಡು, ಸಂಜೆಗೆ ಮೂರೂ ಹಾಕಿಕೊಳ್ಳಬಹುದು. ಕೆಂಪಿನ ಕೊರತೆಯನ್ನು ನಡುವಿನ ಹಳದಿ ಬಲ್ಬ್ ಬಹುಮಟ್ಟಿಗೆ ತುಂಬುತ್ತದೆ. ಬಲ್ಬುಗಳು ನೀರಿನ ಮೇಲಿರುವುದರಿಂದ ನಡುವೆ ಗಾಜಿನ ಮುಚ್ಚಳ ಇರಲೇಬೇಕು. ತಂತಿ ಗೋಡೆಯ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು, ಇಲ್ಲದಿದ್ದರೆ ನೀರಹನಿ ತಂತಿಗುಂಟ ಪ್ಲಗ್ಗಿಗೇ ಹೋಗುತ್ತದೆ. ನಮ್ಮ ತೇವದ ಹವೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಮಾಣದ ಮಾತು ಉಳಿದಿದೆ. ಒಳ್ಳೆಯ ಎಲ್‌ಇಡಿ ಬಲ್ಬ್ ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಜಾವಾ ಮಾಸ್‌ನಂಥ ಸುಲಭದ ಗಿಡಗಳಿಗೆ ಲೀಟರ್ ನೀರಿಗೆ 15ರಿಂದ 25 ಲುಮೆನ್ ಸಾಕು. ರೋಟಾಲಾ ಕೆಂಪಾಗಬೇಕೆಂದರೆ 40ರ ಮೇಲೆ ಬೇಕು, ಆಗ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರವನ್ನೂ ಕೊಡಬೇಕಾಗುತ್ತದೆ. ಇದು ಒರಟು ಲೆಕ್ಕ. ದೀಪದ ಎತ್ತರ, ಪ್ರತಿಫಲಕ, ಮುಚ್ಚಳದ ಕೊಳೆ ಎಲ್ಲವೂ ಇದನ್ನು ಏರುಪೇರು ಮಾಡುತ್ತವೆ. ಬೆಳಕು ಹೆಚ್ಚಿಸಿ ಉಳಿದದ್ದನ್ನು ಹೆಚ್ಚಿಸದಿದ್ದರೆ ಆ ಊಟ ಉಣ್ಣುವುದು ಪಾಚಿ. ಹಳದಿ ದೀಪಕ್ಕೆ ಪಾಚಿ ಬರುತ್ತದೆ, ಬಿಳಿಗೆ ಬರುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ನನ್ನ ತೊಟ್ಟಿಯಲ್ಲಿ ಪಾಚಿ ಬಂದದ್ದು ಎರಡೂ ದೀಪದ ಕೆಳಗೆ, ಎರಡು ಸಲವೂ ದೀಪ ಹೊತ್ತುಮೀರಿ ಉರಿದಾಗ.

ಆ ಹೊತ್ತುಮೀರುವುದರ ಹಿಂದೆ ನಮ್ಮೂರಿನದೇ ಒಂದು ಕಾರಣವಿದೆ. ನಾನು ಮೊದಲು ಬಳಸುತ್ತಿದ್ದದ್ದು ಮುಳ್ಳು ತಿರುಗುವ ಹಳೇ ಬಗೆಯ ಟೈಮರ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಆ ಟೈಮರಿನ ಗಡಿಯಾರವೂ ನಿಲ್ಲುತ್ತದೆ. ಆರು ಗಂಟೆ ಕರೆಂಟಿಲ್ಲದಿದ್ದರೆ ಅದು ಆರು ಗಂಟೆ ಹಿಂದೆ ಬೀಳುತ್ತದೆ. ಎರಡು ದಿನ ಹೋಗಿ ಬಂದು ಮಾಡಿದರೆ ತೊಟ್ಟಿಯ ಹಗಲು ನಡುರಾತ್ರಿಗೆ ಶುರುವಾಗುತ್ತದೆ. ನಾವು ಊರಿಗೆ ಹೋಗಿದ್ದಾಗ ಹೀಗಾಗಿ, ರಾತ್ರಿ ಉರಿದ ದೀಪದ ಮೇಲೆ ಹಗಲಿನ ಕಿಟಕಿ ಬೆಳಕೂ ಸೇರಿ, ವಾಪಸ್ ಬಂದಾಗ ಗಾಜಿಗೆಲ್ಲ ಹಸಿರು ಲೋಳೆ ಕಟ್ಟಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದ ಮೇಲೆ ಆ ಕಾಟ ತಪ್ಪಿತು. ದಿನಕ್ಕೆ ಏಳೆಂಟು ಗಂಟೆ ದೀಪ ಸಾಕು, ಹೊಸ ತೊಟ್ಟಿಗೆ ಆರೇ ಗಂಟೆ. ಕರೆಂಟು ಹೋಗಿ ಒಂದೆರಡು ದಿನ ದೀಪ ಉರಿಯದಿದ್ದರೆ ಗಿಡಕ್ಕೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಇನ್ವರ್ಟರ್ ಇದ್ದರೆ ಅದನ್ನು ದೀಪಕ್ಕಲ್ಲ, ಗಾಳಿ ಪಂಪಿಗೆ ಕೊಡಿ. ಕತ್ತಲೆಯಲ್ಲಿ ಗಿಡವೂ ಮೀನಿನ ಜೊತೆ ಆಮ್ಲಜನಕ ಉಸಿರಾಡುತ್ತದೆ.

ಗೋಣಿಕೊಪ್ಪದ ಓದುಗರಿಗೆ, ಅವರ ಹಾಗೇ ಕೇಳಿದ ಉಳಿದವರಿಗೆ ನನ್ನ ತೀರ್ಮಾನ ಇದು. ಸಿಹಿನೀರಿನ ಗಿಡದ ತೊಟ್ಟಿಗೆ ಒಂದೇ ದೀಪ ಕೊಳ್ಳುವುದಾದರೆ 6,500 ಕೆಲ್ವಿನ್, ಸಿಆರ್‌ಐ 90ರ ಮೇಲಿನದು. ಅಂಥದ್ದು ಸಿಗದಿದ್ದರೆ ಮಾಮೂಲಿ ಬಲ್ಬುಗಳನ್ನೇ ಎರಡಕ್ಕೊಂದು ಬೆರೆಸಿಕೊಳ್ಳಿ. 10,000ದ ದೀಪ ಈಗಾಗಲೇ ಇದ್ದರೆ ಎಸೆಯಬೇಡಿ, ಪಕ್ಕದಲ್ಲಿ ಒಂದು 3,000ದ ಬಲ್ಬ್ ಹಾಕಿ ನೋಡಿ. ಅಂಗಡಿಯಲ್ಲಿ ಕೆಲ್ವಿನ್ ಕೇಳಿದ ಮೇಲೆ ಸಿಆರ್‌ಐಯನ್ನೂ ಕೇಳಿ. ಕೇಳುವವರು ಹೆಚ್ಚಾದರೆ ಅವರೂ ತರಿಸುತ್ತಾರೆ. ಆ ದೀಪದ ಕೆಳಗೆ ಬಿಡಲು ಡೆನಿಸೋನಿ ಕೊಳ್ಳುವುದಾದರೆ, ತೊಟ್ಟಿ ನಾಲ್ಕಡಿಗೆ ಕಡಿಮೆ ಇರದಿರಲಿ, ಮತ್ತು ಮರಿ ಸಾಕಣೆ ಕೇಂದ್ರದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳಿ. ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಹೊಳೆಯದಾದರೆ ಬಿಟ್ಟುಬನ್ನಿ.